ಧೂಳು ಎಣಿಸುವ ತಟ್ಟೆಗೆ ಮೂರು ಪಟ್ಟೆ ವಿಭೂತಿ

ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲ ಮಲ್ಲಿಕಾರ್ಜುನಯ್ಯನವರೇ, ಈ ಸೆಖೆಯಲ್ಲೂ ಶಾಲು ತೆಗೆಯದ ಅತಿಥಿ ಷಣ್ಮುಖಪ್ಪನವರೇ, ತಿಂಡಿ ಪೊಟ್ಟಣ ಬರುವವರೆಗಾದರೂ ಎದ್ದುಹೋಗದ ಅಜ್ಜಂಪುರದ ಸಭಿಕರೇ,

ನಮ್ಮ ಕಾಲೇಜಿನ ವಿಜ್ಞಾನ ಸಂಘದ ವರದಿಗೆ ನಾಲ್ಕು ನಿಮಿಷ ಕೊಟ್ಟಿದ್ದಾರೆ. ವಿಷಯ, ಧೂಳು. ನಗಬೇಡಿ. ಬೀರೂರು ರಸ್ತೆಯ ಧೂಳಲ್ಲ, ಗ್ರಹಗಳ ನಡುವೆ ಅಲೆಯುವ ಧೂಳು. ಧೂಮಕೇತು ಉದುರಿಸಿದ್ದು, ಕ್ಷುದ್ರಗ್ರಹಗಳು ಡಿಕ್ಕಿಯಾಗಿ ಪುಡಿಯಾದದ್ದು. ಕೂದಲೆಳೆಗಿಂತ ಸಣ್ಣ ಕಣ, ಬಂದೂಕಿನ ಗುಂಡನ್ನೂ ನಾಚಿಸುವ ವೇಗ. ನಮ್ಮ ದೇಶದವರು ಮೂರು ಕೆ.ಜಿ.ಯ ಒಂದು ಉಪಕರಣವನ್ನು ಮೇಲಕ್ಕೆ ಕಳಿಸಿದರು. ಕಣ ಬಡಿದೊಡನೆ ಆವಿಯಾಗಿ ಚಿಟಿಕೆ ವಿದ್ಯುತ್ತಾಗುತ್ತದೆ, ಉಪಕರಣ ಅದನ್ನು ಎಣಿಸುತ್ತದೆ. ಸುಮಾರು ಸಾವಿರ ಸೆಕೆಂಡಿಗೊಂದು ಏಟು. ಅಂದರೆ ಈ ಭಾಷಣವನ್ನು ನೀವು ನಾಲ್ಕು ಸಲ ಸಹಿಸಿದರೆ ಒಂದು ಕಣ.

ಇದನ್ನು ಓದಿ ನನ್ನ ಸಹಪಾಠಿ ಭವ್ಯ ಮತ್ತು ನಾನು ಒಂದು ಮಾದರಿ ಮಾಡಿದೆವು. ಪೆಟ್ಟಿಗೆಯೊಳಗೆ ಸ್ಟೀಲ್ ತಟ್ಟೆ, ಅಡಿಯಲ್ಲಿ ಏಟು ಎಣಿಸುವ ಸೆನ್ಸರ್. ಕಡೂರಿನ ಸ್ಪರ್ಧೆಯಲ್ಲಿ ತೀರ್ಪುಗಾರರು ಮುಚ್ಚಳದ ತೂತಿನಿಂದ ಇಪ್ಪತ್ತು ಸಾಸಿವೆ ಹಾಕಿದರು. ಎಣಿಸಿದ್ದು ಏಳು. ಮುಚ್ಚಳ ಬಿಚ್ಚಿದರೆ ತಟ್ಟೆಗೆ ಮೂರು ಪಟ್ಟೆ ವಿಭೂತಿ.

"ಇದು ಧೂಳ್ ಹುಡ್ಕೋ ಮೆಷೀನೋ, ಧೂಳ್ ಸಾಕೋ ಮೆಷೀನೋ?" ಎಂದರು ತೀರ್ಪುಗಾರರು.

ಎಲ್ಲರೂ ನನ್ನತ್ತ ತಿರುಗಿದರು. ತಿರುಗದೆ ಇರುತ್ತಾರೆಯೇ? ಪ್ರಾಂಶುಪಾಲರ ಸ್ಕೂಟರಿಗೆ 'ಮಾರಾಟಕ್ಕಿದೆ' ಎಂದು ಅಂಟಿಸಿದವನು ಯಾರು? ನಾನು ಕಿಸಕ್ಕನೆ ನಕ್ಕುಬಿಟ್ಟೆ.

ಭವ್ಯ ನಗಲಿಲ್ಲ. "ಶನಿವಾರ ತರೀಕೆರೇಲಿ ಇನ್ನೊಂದ್ ಚಾನ್ಸ್ ಕೊಟ್ಟವ್ರೆ. ನೀನ್ ಬರ್ಬೇಡ ಕಣೋ, ರಾಜಶೇಖರ" ಎಂದಳು.

ಸಭಿಕರೇ, ಆ ವಿಭೂತಿ ತಮಾಷೆಗೆ ಬಳಿದದ್ದಲ್ಲ. ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಟ್ರ್ಯಾಕ್ಟರಿಗೂ ಮಿಕ್ಸಿಗೂ ವಿಭೂತಿ ಬಳಿಯುತ್ತೇವೆ. ಯಾವುದೂ ಕೆಟ್ಟಿಲ್ಲ. ಸ್ಪರ್ಧೆಯ ಹಿಂದಿನ ದಿನ ನಾನು ತಲೆಗೆ ನೀರು ಹಾಕಿಕೊಂಡು, ಒಬ್ಬನೇ ಲ್ಯಾಬಿಗೆ ಬಂದು, ಸ್ಕ್ರೂ ಬಿಚ್ಚಿ, ಕಣ್ಣು ಮುಚ್ಚಿ, ಮೂರು ಬೆರಳು ಎಳೆದೆ. ಭವ್ಯಳ ಪೆಟ್ಟಿಗೆ ಗೆಲ್ಲಲಿ ಎಂದು ಬೇಡಿಕೊಂಡೆ. ನಮ್ಮ ಪೆಟ್ಟಿಗೆ ಎನ್ನಬೇಕಿತ್ತು, ಇರಲಿ. ಭಕ್ತಿ ಹೆಚ್ಚಾಗಿ ದಪ್ಪಕ್ಕೆ ಬಳಿದೆ. ಸಾಸಿವೆಗೆ ಅದು ಹಾಸಿಗೆಯಾಯಿತು. ಪುಂಡ ಎನಿಸಿಕೊಳ್ಳುವುದು ನನಗೆ ಅಭ್ಯಾಸ. ಕೈ ಮುಗಿದೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು.

ಈಗಷ್ಟೇ ವೇದಿಕೆಯ ಹಿಂದೆ ಭವ್ಯಳಿಗೆ ಇದನ್ನೆಲ್ಲ ಹೇಳಿದೆ. ಅವಳೆಂದಳು:

"ನಕ್ಕಿದ್ದು ಎಲ್ರು ಮುಂದೆ ಅಲ್ವಾ? ಹೇಳೋದೂ ಎಲ್ರು ಮುಂದೆ ಹೇಳು. ಆಮೇಲ್ ನೋಡಾಣ."

ಹೇಳಿದ್ದೇನೆ. ತಟ್ಟೆಯನ್ನು ಅವಳೇ ತೊಳೆದಿದ್ದಾಳೆ, ಈಗ ಇಪ್ಪತ್ತಕ್ಕೆ ಇಪ್ಪತ್ತು. ಮುಂದಿನ ಸಾಲಿನಲ್ಲಿ ಕುಳಿತು ನನ್ನ ಮುಖ ನೋಡುತ್ತಿಲ್ಲ. ಆದರೆ ಪಕ್ಕದ ಕುರ್ಚಿಯ ಮೇಲಿದ್ದ ಬ್ಯಾಗನ್ನು ಎತ್ತಿ ಕೆಳಗಿಟ್ಟಳು.

ವರದಿಯ ಉಳಿದೆರಡು ಪುಟಗಳನ್ನು ಓದಲಾಗಿದೆ ಎಂದೇ ಸಭೆ ಭಾವಿಸಬೇಕು. ಕೇಳಿದ್ದಕ್ಕೆ ಧನ್ಯವಾದ, ಕುರ್ಚಿಗೆ ಬೇರೆ ಯಾರೋ ಬರುತ್ತಿದ್ದಾರೆ, ನಮಸ್ಕಾರ.