ತೊಟ್ಟಿಗೆ ಹೊದಿಸಿದ ಶಾಲು

ಬಸ್ಸಿಗೆ ಕಾಯುವ ಸಾಲಿನಲ್ಲಿ ನನ್ನ ಮುಂದೆ ಇಬ್ಬರಿದ್ದರು. ಒಬ್ಬರು ಪ್ರಾಣಿವೈದ್ಯೆ, ಇನ್ನೊಬ್ಬ ಕಂಕುಳಲ್ಲಿ ಪೊಟ್ಟಣ ಇಟ್ಟುಕೊಂಡ ದರ್ಜಿ. ವೈದ್ಯೆಗೆ ಒಂದೇ ಸಮನೆ ಸೀನು.

“ಡಾಕ್ಟ್ರಮ್ಮ, ನಮ್ಮ ಗಾಜಿನ ತೊಟ್ಟಿಯ ಕಡಲ್ಗುದುರೆ ಮೀನು ಎರಡೂ ಉಳ್ಕೊಂಡ್ವು.”

“ಬಾಲದ ಹುಣ್ಣು?”

“ಮಾಯ್ತು. ನಿನ್ನೆ ಬಾಲಕ್ಕೆ ಬಾಲ ಸುತ್ಕೊಂಡು ಈಜಿದ್ವು. ನಮ್ಮ ಮನೆಯವಳು ಅತ್ತೇಬಿಟ್ಟಳು.”

“ಅವನ್ನ ಬೇರೆ ತೊಟ್ಟೀಲಿಟ್ಟೇ ಔಷಧಿ ಹಾಕಿದ್ರಿ ತಾನೆ?”

“ನೀವು ಹೇಳಿದ ಹಾಗೇ, ಹತ್ತು ದಿನ. ಆದ್ರೆ ಒಂದು ವಿಷಯ ನಿಮ್ಮ ಹತ್ರ ಮುಚ್ಚಿಟ್ಟಿದ್ದೆ.”

“ಏನದು?”

“ಜ್ವರ ಬಂದಿರಬೇಕು ಅಂದ್ಕೊಂಡು ಮೊದಮೊದಲು ಹೀಟರ್ ಏರಿಸಿ, ತೊಟ್ಟಿಗೆ ಮನೆಯವಳ ಶಾಲು ಹೊದಿಸಿದ್ದೆ.”

“ಅಯ್ಯೋ ಪುಣ್ಯಾತ್ಮ! ನೀರು ಬೆಚ್ಚಗಾದಷ್ಟೂ ಆ ಹುಣ್ಣು ತರೋ ಬ್ಯಾಕ್ಟೀರಿಯಾಕ್ಕೆ ಹಬ್ಬ ಕಣ್ರೀ.”

“ತಣ್ಣಗಿಡಿ ಅಂತ ನೀವು ಫೋನಲ್ಲಿ ಅಂದ ತಕ್ಷಣ ಎಳೆದು ಬಿಸಾಡ್ದೆ. ಇಲ್ದಿದ್ರೆ ನನ್ನ ಕೈಯಾರೆ ಕೊಂದಿರ್ತಿದ್ದೆ.”

“ಹೋಗ್ಲಿ ಬಿಡಿ, ಪ್ರೀತಿಯಿಂದ್ಲೇ ಹೊದಿಸಿದ್ರಲ್ಲ.”

ವೈದ್ಯೆ ಮತ್ತೆ ಸೀನಿದರು. ದರ್ಜಿ ಪೊಟ್ಟಣ ಬಿಚ್ಚಿ ಅದೇ ಶಾಲನ್ನು ಹೊರತೆಗೆದ.

“ಮನೆಯವಳೇ ಒಗೆದು, ಇಸ್ತ್ರಿ ಮಾಡಿ, ನಿಮಗೇ ಕೊಡಬೇಕು ಅಂತ ಕಳಿಸಿದ್ದಾಳೆ. ಹೊದ್ಕೊಳ್ಳಿ.”

“ಬೆಚ್ಚಗಿದ್ರೆ ರೋಗ ಹೆಚ್ಚುತ್ತೆ ಅಂತ ಈಗ ತಾನೇ ಹೇಳ್ದೆ.”

“ನಿಮಗೇನು ಬಾಲ ಇದೆಯಾ, ತಾಯಿ!”

ಬಸ್ಸು ಬಂತು. ಅವರಿಬ್ಬರಲ್ಲಿ ಹತ್ತಿದ್ದು ವೈದ್ಯೆ ಒಬ್ಬರೇ; ದರ್ಜಿ ಶಾಲು ಕೊಡಲೆಂದೇ ಬಂದಿದ್ದ. ಹೊರಡುವಾಗ ಕಿಟಕಿಯಿಂದ ಮುಖ ಹೊರಗೆ ಹಾಕಿ, “ಎಷ್ಟು ಒಗೆದ್ರೂ ಉಪ್ಪುನೀರಿನ ವಾಸನೆ ಹೋಗಿಲ್ಲ ಕಣ್ರೀ” ಅಂದರು.

ಅಂದವರೇ ಶಾಲನ್ನು ಕಿವಿಯವರೆಗೂ ಎಳೆದುಕೊಂಡರು.