ತೆಳ್ಳಗೆ ಕಂಡ ಗೋಡೆ

ರಾಣೆಬೆನ್ನೂರಿನ ಝೆರಾಕ್ಸ್ ಅಂಗಡಿಯ ಸರದಿಯಲ್ಲಿ ತಲೆ ತಗ್ಗಿಸಿ ನಿಂತಿದ್ದ ಭುವನಾಳಿಗೆ ಮುಂದಿನವರ ಮಾತು ಬೇಡವೆಂದರೂ ಕೇಳುತ್ತಿತ್ತು. ಫಕ್ಕೀರವ್ವ ತಾನೂ ನೆಗೆಣ್ಣಿಯೂ ಕಟ್ಟಿಸಲಿರುವ ಜೋಡಿ ಮನೆಯ ನಕ್ಷೆಯನ್ನು ಮೊಬೈಲಿನಲ್ಲಿ ಹಿಡಿದು, ಅದನ್ನು ಬರೆದ ಕೈಸರನನ್ನು ದಬಾಯಿಸುತ್ತಿದ್ದಳು.

“ಆಕಿ ಕಡೆ ಗೋಡಿ ದಪ್ಪ, ನನ್ನ ಕಡೇದು ತೆಳ್ಳಗ. ನೋಡಿಲ್ಲೆ!”

“ಎರಡೂ ಒಂದ ಅದಾವ್ರಿ ಅಕ್ಕಾರ. ಪಿಡಿಎಫ್ ಮಾಡಿದ್ರ ಫೋನಿನಾಗ ಗೆರಿ ಹಂಗ ಕಾಣ್ತಾವ. ಹಿಗ್ಗಿಸಿ ನೋಡ್ರಿ.”

“ಹಿಗ್ಗಿಸಿ ಹಿಗ್ಗಿಸಿ ಬೆರಳು ಸವದಾವ. ಇದು ಸರಿಯಾಗೂ ತನಕ ಪಾಯಾ ತಗಿಯಾಕ ಬಿಡಂಗಿಲ್ಲ.”

ಕೈಸರ ನಿಟ್ಟುಸಿರು ಬಿಟ್ಟು ಪ್ರಿಂಟ್ ತೆಗೆಸಿ ಮುಂದಿಟ್ಟ. ಫಕ್ಕೀರವ್ವ ಎರಡೂ ಗೆರೆಗಳ ಮೇಲೆ ಉಗುರಿಟ್ಟು ಅಳೆದಳು.

“ಕಾಗದದಾಗ ಖರೇನ ಒಂದ ಅದಾವ. ನೆಗೆಣ್ಣಿಗೂ ಇದನ್ನ ತೋರ್ಸು. ಫೋನಿಗೆ ಮಾತ್ರ ಕಳಸಬ್ಯಾಡ ಮಾರಾಯಾ.”

“ಆಗಲೇ ಕಳಿಸೇನ್ರಿ.”

ಅಷ್ಟರಲ್ಲಿ ಅವನ ಫೋನು ರಿಂಗಾಯಿತು. “ನಿಮ್ಮ ನೆಗೆಣ್ಣಿಯವರ ರೀ. ಏನ್ ಹೇಳ್ಲಿ?”

ಫಕ್ಕೀರವ್ವ ನಕ್ಷೆ ಮಡಚಿಕೊಂಡು ಮೆಟ್ಟಿಲಿಳಿದಳು.

“ಹಿಗ್ಗಿಸಿ ನೋಡಂತ ಹೇಳು.”