ಕೇಶರಬಾಯಿ ಹಚ್ಚಿದ ಕರಕಿ

ಅಲ್ರಿ ಅಂಬಕ್ಕಾ, ನೀವೇ ಹೇಳ್ರಿ... ಕರಕಿ ಹುಲ್ಲಿಗಿ ಯಾರರ ಸೇವಾ ಮಾಡ್ತಾರೇನ್ರಿ? ನಮ್ಮ ಮಂಠಾಳದ ಹೊಲದಾಗ ಕರಕಿ ಕಂಡ್ರ ಸಾಕು, ಬೇರು ಸಮೇತ ಕಿತ್ತು ಬದುವಿಗಿ ಒಗೀತಿದ್ದಿವಿ. ಇಲ್ಲಿ ಹುಮನಾಬಾದಿಗಿ ಮದಿವ್ಯಾಗಿ ಬಂದ್ರ... ಅಂಗಳ ತುಂಬ ಅದೇ! ಅದಕ್ಕ ನೀರು, ಅದಕ್ಕ ಗೊಬ್ಬರ! ಯಾಕ? ನಿಮ್ಮ ತಂಗಿ ಕೇಶರಬಾಯಿ ಸಾಯೋಕಿಂತ ಮೊದಲು ಹಚ್ಚಿದ್ದು!

ಯಾಕ ನಗಾಕತ್ತೀರಿ? ನನ್ನ ಕೈಯಾಗಿನ ಜರಡಿ ನೋಡಿ? ಹೌದು, ಸಾಣಿಸಾಕತ್ತೀನಿ. ತಿಪ್ಪಿ ಗೊಬ್ಬರ, ಕೆಂಪು ಮಣ್ಣು, ಉಸುಕು... ಒಂದು ಹರಳು ಉಳೀಬಾರದಂತ, ಹುಲ್ಲಿಗಿ ನೋಯ್ತದಂತ! ಬೈಕೋತ ಸಾಣಿಸಾಕತ್ತೀನ್ರಿ. ಕೈ ಖಾಲಿ ಇದ್ರ ಸಿಟ್ಟು ಇನ್ನೂ ಹೆಚ್ಚಾಗ್ತದ.

ಮುಂಗಾರಿನ ಮಿರಗದ ಮಳಿ ಬಿದ್ದದ್ದೇ ತಡ, ನಮ್ಮ ಮನಿಯವರು ಸಬ್ಬಲ ಹಿಡ್ಕೊಂಡು ಅಂಗಳಕ್ಕ ಇಳದ್ರು. ಓವರ್ಸೀರ್ ಸಾಹೇಬ್ರು, ಮೊಣಕಾಲೂರಿ! ನೆಲ ಚುಚ್ಚಿ ಚುಚ್ಚಿ ಎಲ್ಲಿ ನೋಡಿದ್ರೂ ತೂತು, ಅದರಾಗ ತುಂಬಾಕ ಈ ಮಣ್ಣು! ನೆಲ ತುಳದು ತುಳದು ಬಿಗಿ ಆಗ್ಯಾದಂತ, ಬೇರಿಗಿ ಉಸರು ಕಟ್ಟಾಕತ್ತದಂತ. ಬೇರಿಗಿ ಉಸರಂತ! ನನಗ? ಈ ಮನಿಗಿ ಬಂದಾಗಿಂದ "ನಿನಗ ಹ್ಯಾಂಗದ?" ಅಂತ ಒಮ್ಮೆರ ಕೇಳ್ಯಾರೇನು?

ಲಗ್ನದಾಗ ಅಕಿ ಹೆಸರಿನ ಬೆಳ್ಳಿ ತಗಡು ನನ್ನ ಕೊರಳಿಗಿ ನೀವೇ ಕಟ್ಟಿದ್ರಿ. ಸತ್ತ ಸವತಿ ಮುನಸ್ಕೋಬಾರದು ಅಂತ. ಕಟ್ಟಿಸ್ಕೊಂಡೆ. ತಗಡಾದ್ರ ಸೆರಗಿನಾಗ ಮುಚ್ಕೊಂಡಿರ್ತದ. ಈ ಹುಲ್ಲು ಹ್ಯಾಂಗ ಮುಚ್ಚಲಿ? ಬಾಗಲ ತೆಗದ್ರ ಅಕಿನೇ! ಹೊಟ್ಟಿ ಉರೀತದ್ರಿ... ಖರೇ ಹೇಳ್ತೀನಿ, ಹೊಟ್ಟಿ ಉರೀತದ.

ಅದಕ್ಕೇ ಮುಡಬಿಯಿಂದ ನೀವು ಬಂದದ್ದು ಚಲೋ ಆತು. ನಿಮ್ಮ ಮಾತು ಅವರು ಮೀರಂಗಿಲ್ಲ. ಕಚೇರಿಯಿಂದ ಬರ್ತಾರ, ಹೇಳ್ರಿ. ಎಲ್ಲಾ ಕಿತ್ತು ಹಾಕು, ಬದನಿ ಹಚ್ಚು ಅನ್ರಿ. ಅನ್ನಂಗಿಲ್ಲಾ? ತಲಿ ಅಲ್ಲಾಡಸ್ತೀರಿ!

ನಿನ್ನಿ ಏನಾತು ಗೊತ್ತದೇನು ನಿಮಗ? ಸಂಜಿಮುಂದ ಅವರು ನನ್ನ ಕಡಿ ಬೆನ್ನು ಮಾಡಿ ನೆಲ ಚುಚ್ಚಾಕತ್ತಿದ್ರು. ತಿರಗಿ ನೋಡಲಿಲ್ಲ, ಹಂಗೇ, "ಕೇಶರಾ, ಮಣ್ಣಿನ ಬುಟ್ಟಿ ತಗೊಂಬಾ" ಅಂದ್ರು. ಕೇಶರಾ! ಬುಟ್ಟಿ ಅಲ್ಲೇ ಕುಕ್ಕಿ, ಧಡ್ ಅಂತ ಬಾಗಲ ಹಾಕ್ಕೊಂಡು ಒಳಗ ಬಂದೆ. ಮತ್ತೇನು ಮಾಡಬೇಕಿತ್ತು?

...ಏನ್ರಿ? ಯಾಕ ನನ್ನ ಮುಖಾನೇ ನೋಡಾಕತ್ತೀರಿ?

ಬೇಕಾದ್ರ ಬೈರಿ, ಅಕ್ಕಾ... ಹಂಗ ನೋಡಬ್ಯಾಡ್ರಿ.

...ಬಾಗಲ ಹಾಕಲಿಲ್ರಿ. ಒಳಗೂ ಬರಲಿಲ್ಲ. "ಓ" ಅಂದೆ.

ಎಷ್ಟು ಮೆತ್ತಗ ಕರದ್ರು ಗೊತ್ತೇನ್ರಿ, ಅಕ್ಕಾ... ನನ್ನ ಹೆಸರು ಹಂಗ ಎಂದೂ ಕರದಿಲ್ಲ. ಬುಟ್ಟಿ ಒಯ್ದೆ. ಅವರ ಹಿಂದೇ ಕುಂತು ಮಣ್ಣು ಚೆಲ್ಲಿದೆ, ತೂತಿನಾಗ ಇಳಿಯೋ ಹಂಗ ಕೈಲೆ ಸವರಿದೆ. ಅವರು ಮಾತಾಡಕೋತ ಮುಂದ ಮುಂದ, ನಾ ಹೂಂ ಅನಕೋತ ಹಿಂದ ಹಿಂದ... ಎಲ್ಲೆರ ತಿರಗಿ ನನ್ನ ಮುಖ ನೋಡ್ಯಾರು ಅಂತ, ಸೆರಗು ಮೂಗಿನ ತನಕ ಎಳಕೊಂಡಿದ್ದೆ.